ಟೆಸ್ಟ್ ಕೋಣೆಯಿಂದ ಮಾತ್ರೆ ಡಬ್ಬಿಯವರೆಗೆ: ಎಚ್‌ಐವಿ ಕೆಲಸದಲ್ಲಿರುವ ಯುವ ಪೀರ್‌ಗಳಿಗೆ

ಪಾಸಿಟಿವ್ ಎಂಬ ವರದಿ ಕೈಗೆ ಬಂದ ಹುಡುಗ ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಬಾಗಿಲಿನಿಂದ ಎಆರ್‌ಟಿ (ವೈರಸ್ ಹತೋಟಿಯಲ್ಲಿಡುವ ಔಷಧ ಚಿಕಿತ್ಸೆ) ಕೇಂದ್ರದ ಬಾಗಿಲಿಗೆ ಹೋಗಬೇಕು. ಜಿಲ್ಲಾಸ್ಪತ್ರೆಯಲ್ಲಾದರೆ ಒಂದೇ ಆವರಣ, ನಾಲ್ಕು ಹೆಜ್ಜೆ. ತಾಲ್ಲೂಕು ಆಸ್ಪತ್ರೆಯಲ್ಲಿ ಟೆಸ್ಟ್ ಆಗಿದ್ದರೆ ಎರಡು ಬಸ್. ಆ ನಾಲ್ಕು ಹೆಜ್ಜೆಯಲ್ಲೂ ಹುಡುಗರು ತಪ್ಪಿಹೋಗುತ್ತಾರೆ. ಗೇಟಿನ ಹತ್ತಿರ ಊರಿನವರೊಬ್ಬರು ಕಂಡರೆ ಸಾಕು, ತಿರುಗಿ ಮನೆಗೆ. ಪೀರ್ ಆಗಿ, ಅಂದರೆ ಹೆಚ್ಚುಕಡಿಮೆ ಅವರದೇ ವಯಸ್ಸಿನ ಜೊತೆಗಾರರಾಗಿ, ನಿಮ್ಮ ಕೆಲಸ ಇರುವುದು ಇಂಥ ಸಂದುಗಳಲ್ಲಿ: ಟೆಸ್ಟಿಗೂ ಚಿಕಿತ್ಸೆಗೂ ನಡುವೆ, ಮನೆಗೂ ಹಾಸ್ಟೆಲಿಗೂ ನಡುವೆ, ಅಜ್ಜಿ ಕೈಗೆ ಕೊಡುತ್ತಿದ್ದ ಮಾತ್ರೆಗೂ ತಾನೇ ನೆನಪಿಟ್ಟು ನುಂಗಬೇಕಾದ ಮಾತ್ರೆಗೂ ನಡುವೆ. ತಿಳಿಸಿ ಹೇಳಲು ಆಪ್ತ ಸಮಾಲೋಚಕರಿದ್ದಾರೆ, ಔಷಧ ಬರೆಯಲು ವೈದ್ಯರಿದ್ದಾರೆ. ಜೊತೆಗೆ ಹೋಗಲು, ಆಮೇಲೆ ಮತ್ತೆ ಮತ್ತೆ ವಿಚಾರಿಸಲು ನೀವಿದ್ದೀರಿ.

ಇದನ್ನು ಬರೀ ಸಮಾಧಾನ ಹೇಳುವ ಕೆಲಸ ಎಂದು ಯಾರೂ ತಿಳಿಯಬಾರದು. ಜಿಂಬಾಬ್ವೆಯ ಬಿಂದುರಾ ಮತ್ತು ಶಾಮ್ವಾ ಜಿಲ್ಲೆಗಳಲ್ಲಿ 13ರಿಂದ 19 ವರ್ಷದ ಎಚ್‌ಐವಿ ಸೋಂಕಿತರನ್ನು 96 ವಾರ ಗಮನಿಸಿದರು. ಕೆಲವು ಕ್ಲಿನಿಕ್‌ಗಳಲ್ಲಿ ಮಾಮೂಲಿ ಚಿಕಿತ್ಸೆ. ಉಳಿದವುಗಳಲ್ಲಿ ಅದರ ಜೊತೆಗೆ, ತಾವೂ ಎಚ್‌ಐವಿ ಜೊತೆ ಬದುಕುತ್ತಿರುವ ತರುಣ ತರುಣಿಯರ ಮನೆಭೇಟಿ ಮತ್ತು ಬೆಂಬಲ. ವೈರಸ್ ಹತೋಟಿ ತಪ್ಪಿದವರು ಇಲ್ಲವೇ ತೀರಿಕೊಂಡವರು ಮೊದಲ ಕಡೆ ಶೇ 36, ಎರಡನೇ ಕಡೆ ಶೇ 25. ಇಷ್ಟು ವ್ಯತ್ಯಾಸ ಬಂದದ್ದು ಜೊತೆಗೊಬ್ಬರು ಇದ್ದುದರಿಂದ.

ಟೆಸ್ಟಿಗೆ ಕರೆದೊಯ್ಯುವ ಮುಂಚೆ

ಎರಡು ಸಂಗತಿ ಮೊದಲೇ ತಿಳಿದುಕೊಳ್ಳಿ: ವಯಸ್ಸು ಎಷ್ಟು, ಅಪಾಯದ ಸಂದರ್ಭ ಯಾವತ್ತು ಆಯಿತು.

ವಯಸ್ಸು 18 ತುಂಬಿದ್ದರೆ ಅವರದೇ ಒಪ್ಪಿಗೆ ಸಾಕು. ತುಂಬಿಲ್ಲದಿದ್ದರೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಇಲ್ಲಿ ಪೀರ್‌ಗಳು ಮಾಡುವ ಮಾಮೂಲಿ ತಪ್ಪು ‘ನಾನು ಇವನ ಅಣ್ಣ’ ಎಂದು ಸಹಿ ಹಾಕುವುದು. ಆ ದಿನಕ್ಕೆ ಸಹಾಯ ಮಾಡಿದಂತೆ ಕಂಡರೂ, ನಾಳೆ ಮನೆಯವರು ಬಂದು ಜಗಳ ತೆಗೆದಾಗ ಆ ಸಹಿ ನಿಮ್ಮನ್ನೂ ಕೇಂದ್ರವನ್ನೂ ಕಷ್ಟಕ್ಕೆ ಸಿಕ್ಕಿಸುತ್ತದೆ, ಹುಡುಗನ ಚಿಕಿತ್ಸೆ ನಿಂತುಹೋಗುತ್ತದೆ. ಅಪ್ಪ ಅಮ್ಮನಿಗೆ ಹೇಳಲಾರೆ ಎಂದು ಅವನು ಹಟ ಹಿಡಿದರೆ ಟೆಸ್ಟ್ ಮಾತು ಪಕ್ಕಕ್ಕಿಟ್ಟು ಸಮಾಲೋಚಕರ ಹತ್ತಿರ ಮಾತಾಡಲು ಮಾತ್ರ ಕರೆದುಕೊಂಡು ಹೋಗಿ. ಬರೀ ಮಾತಿಗೆ ಯಾರ ಸಹಿಯೂ ಬೇಡ. ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ ಕೂಡ ಇದಕ್ಕೆ ಒಳ್ಳೆಯ ಬಾಗಿಲು. ಅಲ್ಲಿಗೆ ಹೋದವರನ್ನು ಕಂಡು ಎಚ್‌ಐವಿ ಎಂದು ಯಾರೂ ಊಹಿಸುವುದಿಲ್ಲ. ಯಾವ ಹಿರಿಯರಿಗೆ ಹೇಳಬಹುದು, ಸೋದರಮಾವನೋ ಚಿಕ್ಕಮ್ಮನೋ, ಹೇಗೆ ಹೇಳುವುದು ಎಂಬುದನ್ನು ಅಲ್ಲಿ ಕೂತು ಯೋಚಿಸಬಹುದು. ತಂದೆ ತಾಯಿ ಇಬ್ಬರೂ ಇಲ್ಲದ ಮನೆಗಳಿಗೆ ಕಾಯ್ದೆಯಲ್ಲಿ ಇನ್ನೊಂದು ದಾರಿಯೂ ಇದೆ: ಎಚ್‌ಐವಿ ಬಾಧಿತ ಕುಟುಂಬದ ವ್ಯವಹಾರ ನೋಡಿಕೊಳ್ಳುವಷ್ಟು ತಿಳಿವಳಿಕೆ ಇರುವ 12ರಿಂದ 18 ವರ್ಷದೊಳಗಿನ ಅಕ್ಕ ಅಥವಾ ಅಣ್ಣ ತಮ್ಮ ತಂಗಿಯರಿಗೆ ಪೋಷಕರಾಗಿ ನಿಲ್ಲಬಹುದು.

‘ಯಾರಿಗೂ ಹೇಳಲ್ಲ, ಆಣೆ’ ಎಂದು ಮಾತು ಕೊಡಬೇಡಿ. 18ರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಈ ಕಾಯ್ದೆಯ ಲೆಕ್ಕದಲ್ಲಿ 17 ವರ್ಷದವಳು ಒಪ್ಪಿ ಹೋದೆ ಎಂದರೂ ಅದು ಒಪ್ಪಿಗೆ ಅಲ್ಲ. ಹಾಗಾಗಿ ಮಾತು ಶುರುವಾಗುವ ಮೊದಲೇ ಹೇಳಿಬಿಡಿ: ‘ನೀನು ಹೇಳಿದ್ದು ನನ್ನ ಹತ್ತಿರವೇ ಇರುತ್ತೆ. ಆದರೆ ಯಾರಾದರೂ ನಿನಗೆ ತೊಂದರೆ ಕೊಟ್ಟಿದ್ದರೆ, ನಿನ್ನ ಜೀವಕ್ಕೆ ಅಪಾಯ ಇದ್ದರೆ ಒಬ್ಬನೇ ಇಟ್ಟುಕೊಳ್ಳೋಕೆ ಆಗಲ್ಲ, ಸಮಾಲೋಚಕಿ ಮೇಡಂಗೆ ಹೇಳಬೇಕಾಗುತ್ತೆ. ನಿನಗೆ ತಿಳಿಸಿಯೇ ಹೇಳ್ತೀನಿ.’ ಹೀಗೆ ಹೇಳಿದರೆ ಕೆಲವರು ಬಾಯಿ ಬಿಡುವುದಿಲ್ಲ, ನಿಜ. ಆದರೆ ಆಣೆ ಮಾಡಿ ಮುರಿದರೆ ಆ ಮಗು ಇನ್ನೆಂದೂ ಯಾವ ಆಸ್ಪತ್ರೆಯ ಮೆಟ್ಟಿಲೂ ಹತ್ತುವುದಿಲ್ಲ. ಯಾರ ಜೊತೆ, ಎಲ್ಲಿ, ಎಷ್ಟು ಸಲ ಎಂದು ಕೆದಕುವುದು ನಿಮ್ಮ ಕೆಲಸವಲ್ಲ. ಮಕ್ಕಳ ಸಹಾಯವಾಣಿ 1098 ಬಾಯಿಪಾಠವಾಗಿರಲಿ.

ಇನ್ನು ದಿನದ ಲೆಕ್ಕ. ಅಪಾಯದ ಸಂದರ್ಭ ಆಗಿ 72 ಗಂಟೆ ದಾಟಿಲ್ಲದಿದ್ದರೆ ಮೊದಲು ಓಡಬೇಕಾದದ್ದು ತುರ್ತು ಚಿಕಿತ್ಸಾ ವಿಭಾಗ ಅಥವಾ ಎಆರ್‌ಟಿ ಕೇಂದ್ರಕ್ಕೆ. ಸೋಂಕು ತಡೆಯುವ 28 ದಿನದ ಔಷಧ ಅಲ್ಲಿ ಸಿಗುತ್ತದೆ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆಯ ಮೇಲೆ ಕೊಡುವುದಿಲ್ಲ. ಶನಿವಾರ ರಾತ್ರಿ ಆದದ್ದಕ್ಕೆ ‘ಸೋಮವಾರ ಓಪಿಡಿಗೆ ಹೋಗೋಣ’ ಎಂದು ಕಾಯಿಸಿದರೆ ಇರುವ ಮೂರು ದಿನದಲ್ಲಿ ಒಂದೂವರೆ ದಿನ ಹೋಯಿತು. ಇನ್ನೊಂದು ಕಡೆ, ಹೋದ ವಾರದ ಭಯಕ್ಕೆ ಇವತ್ತು ಟೆಸ್ಟ್ ಮಾಡಿಸಿ ನೆಗೆಟಿವ್ ಬಂದರೆ ಅದನ್ನು ನೆಚ್ಚುವಂತಿಲ್ಲ. ಪರೀಕ್ಷೆ ಹುಡುಕುವುದು ದೇಹ ತಯಾರಿಸುವ ಪ್ರತಿಕಾಯವನ್ನು, ಅದು ಕಾಣುವಷ್ಟು ಆಗಲು ವಾರಗಳು ಬೇಕು. ಇವತ್ತು ಟೆಸ್ಟ್ ಮಾಡಿಸಿದ್ದರೂ ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಬರಬೇಕು. ಆ ತಾರೀಖನ್ನು ನೀವು ಬರೆದಿಟ್ಟುಕೊಳ್ಳಿ. ಅವರು ಮರೆಯುತ್ತಾರೆ, ಮರೆಯಲೂ ಬಯಸುತ್ತಾರೆ.

ಟೆಸ್ಟ್ ದಿನ

ಎಲ್ಲಿ ಟೆಸ್ಟ್ ಎಂಬುದನ್ನು ಅವರೇ ಆರಿಸಲಿ. ತಮ್ಮ ಊರಿನ ಪಿಎಚ್‌ಸಿಗೇ ಹೋಗಬೇಕೆಂದೇನಿಲ್ಲ, ಯಾವ ತಾಲ್ಲೂಕಿನ ಐಸಿಟಿಸಿಯಾದರೂ ಆಗುತ್ತದೆ. ಆಶಾ ಕಾರ್ಯಕರ್ತೆ ಸ್ವಂತ ಅತ್ತೆಯಾಗಿದ್ದರೆ ಯಾವ ಹುಡುಗಿ ಅಲ್ಲಿ ಬೆರಳು ಚಾಚುತ್ತಾಳೆ? ಟೆಸ್ಟ್ ಉಚಿತ. ಬಸ್ ಖರ್ಚಿನ ವಿಷಯಕ್ಕೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಬಸ್ ಪುಕ್ಕಟೆ, ಹಾಗಾಗಿ ಹುಡುಗಿಯರಿಗೆ ದೂರದ ಊರು ಈಗ ಅಷ್ಟು ದೂರವಲ್ಲ. ಹುಡುಗರ ಖರ್ಚಿಗೆ ದಾರಿ ಬೇರೆ ಹುಡುಕಬೇಕು, ನಿಮ್ಮ ಜೇಬಿನಿಂದ ಬೇಡ. ಒಮ್ಮೆ ಕೊಟ್ಟರೆ ಮುಂದಿನ ಸಲ ನಿಮ್ಮಲ್ಲಿ ದುಡ್ಡಿಲ್ಲದ ದಿನ ಅವನು ಬರುವುದಿಲ್ಲ.

ಬೆಳಗ್ಗೆ ಬೇಗ ಹೋಗಿ. ಮಧ್ಯಾಹ್ನ ಹೊರಟರೆ ಒಂದೋ ಊಟದ ವೇಳೆ, ಇಲ್ಲ ಲ್ಯಾಬ್ ಟೆಕ್ನಿಷಿಯನ್ ಹೊರಟಿರುತ್ತಾರೆ, ‘ನಾಳೆ ಬನ್ನಿ’ ಎಂಬ ಮಾತು ಕೇಳಿದ ಹುಡುಗನ ನಾಳೆ ಬರುವುದೇ ಇಲ್ಲ. ಸಮಾಲೋಚಕರ ಕೋಣೆಯ ಬಾಗಿಲಿನವರೆಗೆ ಜೊತೆಗೆ ಹೋಗಿ, ಒಳಗೆ ಬರಬೇಕೇ ಬೇಡವೇ ಎಂದು ಅವರನ್ನೇ ಕೇಳಿ. ಬೇಡ ಎಂದರೆ ಬೇಸರ ಬೇಡ. ನಿಮ್ಮೆದುರು ಆಗದ ಪ್ರಶ್ನೆಗಳು ಅವರಲ್ಲಿ ಇರುತ್ತವೆ.

ಕ್ಯಾಂಪ್‌ನಲ್ಲಿ ಅಥವಾ ಪಿಎಚ್‌ಸಿಯಲ್ಲಿ ಬೆರಳು ಚುಚ್ಚಿ ಮಾಡುವುದು ಜರಡಿ ಹಿಡಿಯುವ ಮೊದಲ ಟೆಸ್ಟ್ ಮಾತ್ರ. ಅದರಲ್ಲಿ ರಿಯಾಕ್ಟಿವ್ (ಸೋಂಕಿನ ಸುಳಿವು) ಬಂದರೆ ‘ಪಾಸಿಟಿವ್’ ಎನ್ನುವ ಪದ ನಿಮ್ಮ ಬಾಯಿಂದ ಬರಬಾರದು. ಐಸಿಟಿಸಿಯಲ್ಲಿ ರಕ್ತ ತೆಗೆದು ಬೇರೆ ಬೇರೆ ತತ್ವದ ಮೂರು ಕಿಟ್‌ಗಳಲ್ಲಿ ನೋಡಿ, ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಅದು ಪಾಸಿಟಿವ್. ಪೀರ್‌ಗಳು ಆತುರದಲ್ಲಿ ಹೇಳಿದ ಒಂದು ಮಾತಿಗೆ ಹುಡುಗರು ದಾರಿಯಲ್ಲೇ ಬಸ್ ಇಳಿದುಹೋಗುತ್ತಾರೆ. ‘ಇನ್ನೂ ಟೆಸ್ಟ್ ಆಗಬೇಕು, ಇವತ್ತೇ ಹೋಗಿ ಮಾಡಿಸೋಣ’ ಎನ್ನಿ, ಇವತ್ತೇ ಹೋಗಿ.

ನೆಗೆಟಿವ್ ಬಂದವರನ್ನು ಅಲ್ಲಿಗೇ ಬಿಡಬೇಡಿ. ಮೂರು ತಿಂಗಳ ತಾರೀಖು, ಕಾಂಡೋಮ್ ಎಲ್ಲಿ ಸಿಗುತ್ತದೆ, ಹುಣ್ಣು ಅಥವಾ ಸ್ರಾವ ಇದ್ದರೆ ಸುರಕ್ಷಾ ಕ್ಲಿನಿಕ್ ಎಲ್ಲಿದೆ ಎಂಬುದನ್ನು ಹೇಳಿ ಕಳಿಸಿ.

ಪಾಸಿಟಿವ್ ಎಂದು ಖಚಿತವಾದ ಮೇಲೆ

ಮೊದಲ ಹತ್ತು ನಿಮಿಷ ಏನೂ ಕಲಿಸಬೇಡಿ. ಆ ಹೊತ್ತಿನಲ್ಲಿ ಹೇಳಿದ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ), ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಯಾವುದೂ ತಲೆಗೆ ಹೋಗುವುದಿಲ್ಲ. ನೀರು ಕೊಡಿ, ಪಕ್ಕದಲ್ಲಿ ಕೂರಿ. ‘ಮನೆಗೆ ಹೇಗೆ ಹೋಗ್ತೀಯಾ? ಇವತ್ತು ರಾತ್ರಿ ಯಾರ ಜೊತೆ ಇರ್ತೀಯಾ?’ ಈ ಎರಡು ಪ್ರಶ್ನೆ ಸಾಕು. ಸತ್ತುಹೋಗ್ತೀನಿ ಎಂಬರ್ಥದ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಸಮಾಲೋಚಕರನ್ನು ಕರೆಯಿರಿ. ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ.

ಎಆರ್‌ಟಿ ಕೇಂದ್ರಕ್ಕೆ ಆ ದಿನವೇ, ತಪ್ಪಿದರೆ ಮರುದಿನ. ಸಿಡಿ4 ಎಷ್ಟೇ ಇರಲಿ, ಪಾಸಿಟಿವ್ ಆದ ಎಲ್ಲರಿಗೂ ಚಿಕಿತ್ಸೆ ಎಂಬುದು 2017ರಿಂದ ದೇಶದ ನೀತಿ. ‘ಸಿಡಿ4 ಇಳಿಯುವವರೆಗೆ ಕಾಯಬೇಕಂತೆ’ ಎಂದು ಹಳಬರು ಹೇಳುವುದು ಹಳೆಯ ಕಾಲದ ಮಾತು. ಐಸಿಟಿಸಿ ವರದಿ, ಗುರುತಿನ ಚೀಟಿ, ವಿಳಾಸದ ದಾಖಲೆ, ಒಂದೆರಡು ಫೋಟೊ ಕೈಯಲ್ಲಿರಲಿ. ಫೋಟೊ ಇಲ್ಲ ಎಂಬ ಒಂದೇ ಕಾರಣಕ್ಕೆ ಒಂದು ವಾರ ಕಳೆದುಹೋಗುವುದುಂಟು. ಕೇಂದ್ರದಲ್ಲಿ ನಾಲ್ಕು ಪ್ರಶ್ನೆ ಕೇಳುತ್ತಾರೆ: ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು. ಇವು ಟಿಬಿ ಹುಡುಕುವ ಪ್ರಶ್ನೆಗಳು, ಮಾತ್ರೆ ತಡವಾದೀತೆಂದು ಮುಚ್ಚಿಡುವವರಿದ್ದಾರೆ. ಮುಚ್ಚಿಡಬಾರದು ಎಂದು ಮೊದಲೇ ಹೇಳಿ. ಟಿಬಿಯಾಗಲೀ ಮಿದುಳಿನ ಸೋಂಕಾಗಲೀ ಒಳಗಿದ್ದಾಗ ಎಆರ್‌ಟಿ ಶುರು ಮಾಡಿದರೆ, ಚೇತರಿಸಿಕೊಂಡ ರೋಗನಿರೋಧಕ ಶಕ್ತಿಯೇ ಅದರ ಮೇಲೆ ಬಿದ್ದು ಕಾಯಿಲೆ ಉಲ್ಬಣಿಸಬಹುದು. ಅಂಥ ಲಕ್ಷಣ ಇಲ್ಲದವರಿಗೆ ಏಳು ದಿನದೊಳಗೆ ಮಾತ್ರೆ ಕೈಗೆ ಬರಬೇಕು.

ದಿನಕ್ಕೊಂದು ಮಾತ್ರೆ

30 ಕೆ.ಜಿ. ಮೀರಿದ ಹದಿಹರೆಯದವರಿಗೆ ಮತ್ತು ದೊಡ್ಡವರಿಗೆ ಸಾಮಾನ್ಯವಾಗಿ ಕೊಡುವುದು ಟಿಎಲ್‌ಡಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಒಂದೇ ಮಾತ್ರೆಯಲ್ಲಿ. ಊಟದ ಮುಂಚೆಯೋ ಆಮೇಲೋ, ಹೇಗಾದರೂ ಸರಿ. ಹಿಂದಿನ ಟಿಎಲ್‌ಇ ಮಾತ್ರೆ ತಲೆ ಸುತ್ತಿಸುತ್ತಿತ್ತು, ಅದಕ್ಕೇ ರಾತ್ರಿ ಮಲಗುವಾಗ ತಗೋ ಎನ್ನುತ್ತಿದ್ದರು. ಆ ಅಭ್ಯಾಸ ಇನ್ನೂ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ಟಿಎಲ್‌ಡಿಯಿಂದ ಕೆಲವರಿಗೆ ನಿದ್ದೆ ಕೆಡುತ್ತದೆ, ಅಂಥವರು ಸಮಾಲೋಚಕರಿಗೆ ತಿಳಿಸಿ ಬೆಳಗ್ಗೆಗೆ ಬದಲಿಸಿಕೊಳ್ಳುವುದು ಒಳ್ಳೆಯದು. ನಿದ್ದೆ ಬಾರದ್ದಕ್ಕೆ ಹುಡುಗರು ಮಾತ್ರೆಯನ್ನೇ ಬಿಡುತ್ತಾರೆ, ಕಾರಣ ಕೇಳಿದರೆ ಮಾತ್ರ ಹೇಳುತ್ತಾರೆ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯವಿದೆ. ಪ್ರೌಢಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆ ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ರಕ್ತಕ್ಕೆ ಪೂರ್ತಿ ಸೇರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯೂ ಹಾಗೆಯೇ. ಊಟದ ಜೊತೆಗೆ ಇವನ್ನೂ ಎಆರ್‌ಟಿ ಮಾತ್ರೆಯನ್ನೂ ಒಟ್ಟಿಗೆ ನುಂಗಿದರೆ ತೊಂದರೆಯಿಲ್ಲ. ಖಾಲಿ ಹೊಟ್ಟೆಯಲ್ಲಾದರೆ ಎಆರ್‌ಟಿ ಮಾತ್ರೆ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ಆದ ಮೇಲೆ. ಎದೆಯುರಿಗೆ ಅಂಗಡಿಯಲ್ಲಿ ತಂದು ಕುಡಿಯುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್‌ಗೆ ಊಟದ ರಿಯಾಯಿತಿ ಇಲ್ಲ, ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರವೇ. ನೀಲಿ ಮಾತ್ರೆ ಬೇಡ ಎಂದು ಹುಡುಗಿ ಕ್ಲಾಸಿನಲ್ಲಿ ಎದ್ದು ಹೇಳಬೇಕಾಗಿಲ್ಲ, ಎಆರ್‌ಟಿ ಮಾತ್ರೆಯ ಸಮಯ ರಾತ್ರಿಗೆ ಇಟ್ಟುಕೊಂಡರೆ ತಾನೇ ಬಗೆಹರಿಯುತ್ತದೆ. ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಡೊಲುಟೆಗ್ರಾವಿರ್ 50 ಇನ್ನೊಂದು, 12 ಗಂಟೆ ಬಿಟ್ಟು ಬೇಕು. ಆ ಎರಡನೇ ಮಾತ್ರೆಯನ್ನೇ ಮರೆಯುವುದು ಜಾಸ್ತಿ.

ತಪ್ಪಿದ ಮಾತ್ರೆ ನೆನಪಾದ ಕೂಡಲೇ ನುಂಗಬೇಕು, ಮರುದಿನ ಎರಡು ಸೇರಿಸಿ ನುಂಗಬಾರದು.

30 ಮಾತ್ರೆಯ ಡಬ್ಬಿ ಹಾಸ್ಟೆಲ್ ಟ್ರಂಕಿನಲ್ಲಿ ಗಲಗಲ ಸದ್ದು ಮಾಡುತ್ತದೆ. ಅಷ್ಟಕ್ಕೇ ಅದನ್ನು ಮನೆಯಲ್ಲಿ ಬಿಟ್ಟುಬರುವವರಿದ್ದಾರೆ. ಡಬ್ಬಿಯೊಳಗೆ ಸ್ವಲ್ಪ ಹತ್ತಿ ತುರುಕಿದರೆ ಸದ್ದು ನಿಲ್ಲುತ್ತದೆ. ಒಳಗಿರುವ ತೇವ ಹೀರುವ ಚಿಕ್ಕ ಪೊಟ್ಟಣ ಎಸೆಯಬೇಡಿ, ಮುಚ್ಚಳ ಬಿಗಿಯಾಗಿರಲಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಒಂದು ವಾರದ ಮಾತ್ರೆ ಮಾತ್ರ ಸಣ್ಣ ಬಿಗಿ ಡಬ್ಬಿಯಲ್ಲಿ ಬ್ಯಾಗಿನಲ್ಲಿರಲಿ. ‘ಏನಿದು’ ಎಂದು ರೂಂಮೇಟ್ ಕೇಳುವ ದಿನ ಬಂದೇ ಬರುತ್ತದೆ, ಉತ್ತರ ಮೊದಲೇ ಅಭ್ಯಾಸವಾಗಿರಬೇಕು. ನೀವು ರೂಂಮೇಟ್ ಆಗಿ ಕೇಳಿ, ಅವನು ಹೇಳಲಿ, ನಾಲ್ಕೈದು ಸಲ, ನಾಲಿಗೆ ತಡವರಿಸದಷ್ಟು.

ಕೇಳುವ ರೀತಿ

ಮೊದಲ ತಿಂಗಳು ಎರಡನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ, ಡಬ್ಬಿ ಮುಗಿಯುವ ಎರಡು ದಿನ ಮುಂಚೆ ಫೋನ್ ಮಾಡಿ. ಫೋನ್ ಎತ್ತಿದ ಕೂಡಲೇ ‘ಮಾತಾಡಬಹುದಾ ಈಗ?’ ಎಂದು ಕೇಳಿ, ಇಲ್ಲ ಎಂದರೆ ಕ್ರಿಕೆಟ್ ಬಗ್ಗೆ ನಾಲ್ಕು ಮಾತಾಡಿ ಇಡಿ.

‘ಮಾತ್ರೆ ತಗೊಂಡ್ಯಾ?’ ಎಂದರೆ ‘ಹ್ಞೂಂ’ ಎಂಬ ಉತ್ತರವೇ ಬರುವುದು. ‘ಏಳು ದಿನದಲ್ಲಿ ಎಷ್ಟು ತಪ್ಪಿತು? ಎಲ್ಲರಿಗೂ ತಪ್ಪುತ್ತೆ’ ಎಂದು ಕೇಳಿದರೆ ನಿಜ ಹೊರಬರುತ್ತದೆ. ಎಂಥ ದಿನ ತಪ್ಪಿತು ಎಂದೂ ಕೇಳಿ. ಜಾತ್ರೆ, ಮದುವೆ, ನೆಂಟರು ಬಂದ ದಿನ ಎಂದಾದರೆ ತೊಂದರೆ ಇರುವುದು ಎಲ್ಲರ ಕಣ್ಣೆದುರು ನುಂಗುವುದರಲ್ಲಿ, ನೆನಪಿನಲ್ಲಲ್ಲ. ಅಲಾರಂ ಇಟ್ಟುಕೊಟ್ಟರೆ ಅದು ಸರಿಹೋಗುವುದಿಲ್ಲ.

30ರಲ್ಲಿ ಒಂದು ತಪ್ಪಿದರೆ ಶೇ 96.7, ಎರಡು ತಪ್ಪಿದರೆ 93.3. ಕೇಂದ್ರ ನೋಡುವ ಗೆರೆ ಶೇ 95. ಈ ಲೆಕ್ಕಕ್ಕೆ ಹೆದರಿ ಮಕ್ಕಳು ಕೇಂದ್ರಕ್ಕೆ ಬರುವ ಹಿಂದಿನ ದಿನ ಉಳಿದ ಮಾತ್ರೆಗಳನ್ನು ಚರಂಡಿಗೆ ಹಾಕಿ ಬರುತ್ತಾರೆ. ಎಣಿಕೆ ಸರಿಯಿರುತ್ತದೆ, ವೈರಲ್ ಲೋಡ್ ಮಾತ್ರ ಏರಿರುತ್ತದೆ. ಆ ಪರೀಕ್ಷೆ ಮಾತ್ರೆ ಶುರುವಾಗಿ ಆರು ತಿಂಗಳಿಗೆ, ಹನ್ನೆರಡಕ್ಕೆ, ಆಮೇಲೆ ವರ್ಷಕ್ಕೊಮ್ಮೆ, ಉಚಿತ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ ಎಣಿಕೆ 1000 ದಾಟಿದರೆ ಸಮಾಲೋಚನೆ ಹೆಚ್ಚಿಸಿ, ಮೂರು ತಿಂಗಳು ಸರಿಯಾಗಿ ಮಾತ್ರೆ ತೆಗೆದುಕೊಂಡ ಮೇಲೆ ಮತ್ತೆ ನೋಡುತ್ತಾರೆ. ಆ ಮೂರು ತಿಂಗಳು ವಾರ ತಪ್ಪದೆ ಭೇಟಿಯಾಗಿ, ಬೈಯಬೇಡಿ. ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿದವರಿಂದ ಲೈಂಗಿಕ ಸಂಗಾತಿಗೆ ಸೋಂಕು ಹರಡುವುದಿಲ್ಲ ಎಂಬ ಮಾತು ಹದಿನೆಂಟು ಇಪ್ಪತ್ತರ ವಯಸ್ಸಿಗೆ ಯಾವ ಉಪದೇಶಕ್ಕಿಂತಲೂ ಹೆಚ್ಚು ಬಲ ಕೊಡುತ್ತದೆ. ಇದನ್ನು ಅವರಿಗೆ ಸ್ಪಷ್ಟವಾಗಿ, ಸಂತೋಷದಿಂದ ಹೇಳಿ. ಬೇರೆ ಲೈಂಗಿಕ ಸೋಂಕು ಮತ್ತು ಬೇಡದ ಬಸಿರು ತಡೆಯಲು ಕಾಂಡೋಮ್ ಬೇಕೇ ಬೇಕು ಎಂದೂ ಸೇರಿಸಿ.

ಹುಟ್ಟಿನಿಂದ ಸೋಂಕು ಇರುವವರು

ಇವರ ಜೊತೆ ಕೆಲಸ ಶುರು ಮಾಡುವ ಮುಂಚೆ ಮನೆಯವರನ್ನೋ ಸಮಾಲೋಚಕರನ್ನೋ ಕೇಳಿ: ಮಗುವಿಗೆ ವಿಷಯ ಗೊತ್ತಿದೆಯೇ? ಮನೆಯಲ್ಲಿ ಈ ಮಾತ್ರೆಗೆ ಏನೆಂದು ಹೆಸರು? ‘ಶಕ್ತಿ ಮಾತ್ರೆ’ ‘ರಕ್ತದ ಮಾತ್ರೆ’ ಎಂದು ಹತ್ತು ವರ್ಷ ನಂಬಿಕೊಂಡು ಬಂದ ಹುಡುಗಿಗೆ ನಿಮ್ಮ ಬಾಯಿಂದ ಎಚ್‌ಐವಿ ಎಂಬ ಪದ ಜಾರಿದರೆ ಅವಳು ಮೊದಲು ಕಳೆದುಕೊಳ್ಳುವುದು ಅಜ್ಜಿಯ ಮೇಲಿನ ನಂಬಿಕೆ, ಆಮೇಲೆ ಮಾತ್ರೆ. ಅವಳೇ ನೇರವಾಗಿ ‘ನನಗೆ ಎಚ್‌ಐವಿ ಇದೆಯಾ?’ ಎಂದು ಕೇಳಬಹುದು. ಗೂಗಲ್ ಮಾಡಿ ಮಾತ್ರೆ ಹೆಸರು ಓದಿರುತ್ತಾಳೆ. ಸುಳ್ಳೂ ಹೇಳಬೇಡಿ, ವಿಷಯವನ್ನೂ ಹೇಳಬೇಡಿ: ‘ಈ ಪ್ರಶ್ನೆಗೆ ನಿನಗೆ ಸರಿಯಾದ ಉತ್ತರ ಸಿಗಲೇಬೇಕು. ಯಾರ ಹತ್ತಿರ ಕೂತು ಕೇಳೋಣ? ನಾನೂ ಬರ್ತೀನಿ.’ ಅದೇ ದಿನ ಸಮಾಲೋಚಕರಿಗೆ ತಿಳಿಸಿ, ವಾರ ದಾಟಬಾರದು.

ಊರು ಬಿಡುವಾಗ

ಕಾಲೇಜಿಗೆ ಬೆಂಗಳೂರಿಗೆ ಬಂದವರು, ಅಪ್ಪ ಅಮ್ಮನ ಜೊತೆ ಗುಳೆ ಹೋದವರು ತಪ್ಪಿಹೋಗುವುದು ಬಹಳ. ಹೊರಡುವ ಮುಂಚೆ ಎಆರ್‌ಟಿ ಕೇಂದ್ರಕ್ಕೆ ತಿಳಿಸಿದರೆ ಹೊಸ ಊರಿನ ಕೇಂದ್ರಕ್ಕೆ ವರ್ಗ ಮಾಡಿಕೊಡುತ್ತಾರೆ, ಸ್ಥಿರವಾಗಿರುವವರಿಗೆ ಮೂರು ತಿಂಗಳವರೆಗಿನ ಮಾತ್ರೆ ಒಟ್ಟಿಗೆ ಕೊಡುವುದೂ ಇದೆ. ಹೇಳದೆ ಹೋಗಿ ಮಾತ್ರೆ ಮುಗಿದರೆ ಎಆರ್‌ಟಿ ಕೇಂದ್ರ ಕೊಟ್ಟ ಚಿಕಿತ್ಸೆಯ ಹಸಿರು ಪುಸ್ತಕ ತೋರಿಸಿ ಹತ್ತಿರದ ಕೇಂದ್ರದಲ್ಲಿ ಕೇಳಬೇಕು, ಹೊಸಬರಂತೆ ಮತ್ತೆ ಟೆಸ್ಟ್ ಮಾಡಿಸಿ ಹೊಸ ಹೆಸರು ಬರೆಸಬಾರದು. ಹಾಗೆ ಮಾಡಿದರೆ ಹಿಂದೆ ಯಾವ ಔಷಧ ಸೋತಿತ್ತು ಎಂಬ ಚರಿತ್ರೆ ಅಳಿಸಿಹೋಗಿ ವೈದ್ಯರು ಕತ್ತಲಲ್ಲಿ ಚಿಕಿತ್ಸೆ ಮಾಡಬೇಕಾಗುತ್ತದೆ. ಹಸಿರು ಪುಸ್ತಕದಲ್ಲಿ ನೋಂದಣಿ ಸಂಖ್ಯೆ ಇರುವ ಪುಟದ ಫೋಟೊ ಅವರ ಮೊಬೈಲಿನಲ್ಲಿರಲಿ. ಅವರ ಮೊಬೈಲಿನಲ್ಲಿ ಮಾತ್ರ. ಎಲ್ಲಿ ಯಾವ ಕೇಂದ್ರ ಎಂದು ಗೊತ್ತಾಗದಿದ್ದರೆ 1097ಕ್ಕೆ ಕರೆ ಮಾಡಿ, ಉಚಿತ.

ಕಾಲೇಜು, ಹಾಸ್ಟೆಲ್, ಕೆಲಸ ಎಲ್ಲೇ ಆಗಲಿ ಪ್ರವೇಶಕ್ಕೆ ಎಚ್‌ಐವಿ ಟೆಸ್ಟ್ ಕೇಳುವಂತಿಲ್ಲ, ಪಾಸಿಟಿವ್ ಎಂದು ಹೊರಹಾಕುವಂತಿಲ್ಲ. ಹಾಗಾದರೆ ದೂರು ಕೊಡಲು 2017ರ ಕಾಯ್ದೆಯಲ್ಲಿ ರಾಜ್ಯ ಓಂಬುಡ್ಸ್‌ಮನ್ ವ್ಯವಸ್ಥೆ ಇದೆ. 30 ದಿನದೊಳಗೆ, ವೈದ್ಯಕೀಯ ತುರ್ತಿದ್ದರೆ 24 ಗಂಟೆಯೊಳಗೆ ಆದೇಶ ಆಗಬೇಕು. ದಾರಿ ತೋರಿಸಲು ಜಿಲ್ಲೆಯ ಡ್ಯಾಪ್ಕು (ಜಿಲ್ಲಾ ಏಡ್ಸ್ ತಡೆ ಮತ್ತು ನಿಯಂತ್ರಣ ಘಟಕ) ಕಚೇರಿಯಿದೆ.

ನಿಮ್ಮ ಫೋನು, ನಿಮ್ಮ ಪುಸ್ತಕ

ಒಬ್ಬರ ಎಚ್‌ಐವಿ ವಿಷಯವನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವುದು ಕಾನೂನಿನ ಪ್ರಕಾರ ತಪ್ಪು, ಹೇಳಿದವರು ಪೀರ್ ಆಗಿದ್ದರೂ. ‘ಎಆರ್‌ಟಿ ಗೆಳೆಯರು’ ಎಂಬ ವಾಟ್ಸಾಪ್ ಗುಂಪು ಮಾಡಬೇಡಿ, ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಒಬ್ಬೊಬ್ಬರ ಜೊತೆ ಪ್ರತ್ಯೇಕ ಮಾತು. ಸಂದೇಶದಲ್ಲಿ ಆಸ್ಪತ್ರೆ, ಮಾತ್ರೆ ಎಂಬ ಪದ ಬೇಡ, ‘ನಾಳೆ ಭೇಟಿಯಾಗೋಣ’ ಸಾಕು. ನೋಟ್‌ಬುಕ್ಕಿನಲ್ಲಿ ಹೆಸರಿಲ್ಲದೆ ಸಂಖ್ಯೆ ಮತ್ತು ತಾರೀಖು ಮಾತ್ರ ಬರೆಯಿರಿ, ಹೆಸರಿನ ಪಟ್ಟಿ ಕೇಂದ್ರದ ಬೀರುವಿನಲ್ಲಿರಲಿ. ಸಂತೆಯಲ್ಲಿ ಎದುರಾದರೆ ಅವರು ಮಾತಾಡಿಸುವವರೆಗೆ ನೀವು ಮಾತಾಡಿಸಬೇಡಿ. ಈ ಒಪ್ಪಂದ ಮೊದಲ ದಿನವೇ ಆಗಿರಲಿ, ಇಲ್ಲದಿದ್ದರೆ ಕಂಡೂ ಕಾಣದಂತೆ ಹೋದರು ಎಂದು ನೊಂದುಕೊಳ್ಳುತ್ತಾರೆ.

ವಾಂತಿ ಜೊತೆ ಬಿಡದ ತಲೆನೋವು, ಏದುಸಿರು, ಗೊಂದಲದ ಮಾತು, ಮೈಯೆಲ್ಲ ದದ್ದು, ಹಳದಿ ಕಣ್ಣು ಇವು ಯಾವುದು ಕಂಡರೂ ಫೋನ್ ಸಲಹೆ ಸಾಲದು, ಆ ದಿನವೇ ಆಸ್ಪತ್ರೆಗೆ. ಮಾತ್ರೆ ನಿಲ್ಲಿಸು ಎಂದು ನೀವು ಹೇಳಬೇಡಿ, ಅದು ವೈದ್ಯರ ತೀರ್ಮಾನ.

ನಿಮಗೂ ಎಚ್‌ಐವಿ ಇದ್ದರೆ ಅದನ್ನು ಯಾರಿಗೆ, ಯಾವಾಗ ಹೇಳಬೇಕು ಎಂಬುದು ನಿಮ್ಮದೇ ಆಯ್ಕೆ, ಕೆಲಸದ ಷರತ್ತಲ್ಲ. ನಿಮ್ಮ ಸ್ವಂತ ಮಾತ್ರೆ ದಿನ, ಸ್ವಂತ ವೈರಲ್ ಲೋಡ್ ದಿನ ಬೇರೆಯವರ ಕೆಲಸಕ್ಕಾಗಿ ಮುಂದಕ್ಕೆ ಹಾಕಬೇಡಿ. ಮದುವೆಯೋ ಬೇರೆ ನೌಕರಿಯೋ ಬಂದು ಈ ಕೆಲಸ ಬಿಡುವುದಾದರೆ ಒಂದು ತಿಂಗಳು ಮುಂಚೆ ಪ್ರತಿಯೊಬ್ಬರಿಗೂ ಎದುರು ಕೂತು ಹೇಳಿ, ಹೊಸ ಪೀರ್ ಜೊತೆ ಒಮ್ಮೆಯಾದರೂ ಮೂವರೂ ಸೇರಿ ಕೇಂದ್ರಕ್ಕೆ ಹೋಗಿಬನ್ನಿ, ಆಮೇಲೆ ನಿಮ್ಮ ಫೋನಿನಿಂದ ಅವರ ನಂಬರುಗಳನ್ನು ಅಳಿಸಿ.